ಮೊಲ 12, ಮಂಡಿ 24. ಎಣಿಸಬೇಕಾದದ್ದು ಯಾವುದು?

ಪ್ರಶ್ನೆ: ನಮಸ್ತೆ ಮೇಡಂ, ನಾನು ಎಂ.ವಿ.ಎಸ್ಸಿ. (ಪಶುವೈದ್ಯ ಸ್ನಾತಕೋತ್ತರ) ಸರ್ಜರಿ ವಿದ್ಯಾರ್ಥಿ. ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪಾದ ಪದರ) ಮತ್ತೆ ಬೆಳೆಸುವ ಒಂದು ಜೆಲ್ ಪರೀಕ್ಷಿಸಲು 12 ಮೊಲಗಳ ಎರಡೂ ಮಂಡಿಯಲ್ಲಿ 3 ಮಿ.ಮೀ. ಅಗಲ, 3 ಮಿ.ಮೀ. ಆಳದ ತೂತು ಕೊರೆದೆವು. ಬಲಕ್ಕೆ ಜೆಲ್ ತುಂಬಿದೆವು, ಎಡ ಖಾಲಿ ಬಿಟ್ಟೆವು. 12 ವಾರದ ಮೇಲೆ ನೋಡಿದರೆ ಖಾಲಿ ಬಿಟ್ಟವೂ ಕೆಲವು ಚೆನ್ನಾಗಿ ತುಂಬಿಕೊಂಡಿವೆ, ಜೆಲ್ ಹಾಕಿದ ಎರಡು ಮಂಡಿ ಮಾತ್ರ ತೀರಾ ಕೆಟ್ಟಿವೆ. ಆ ಎರಡನ್ನು ಕೈಬಿಡಬಹುದಾ? ಎನ್ (ಮಾದರಿಗಳ ಸಂಖ್ಯೆ) 24 ಅಂತ ಬರೆಯಬಹುದಾ?

ಉತ್ತರ: ಎರಡೂ ಬೇಡ. ಒಂದೇ ಮೊಲದ ಎರಡು ಮಂಡಿಗೆ ರಕ್ತ ಒಂದೇ, ವಯಸ್ಸು ಒಂದೇ, ಒಂದು ಕಾಲು ನೋವಾದರೆ ಭಾರ ಇನ್ನೊಂದರ ಮೇಲೆ ಬೀಳುತ್ತದೆ. ಹಾಗಾಗಿ ನಿಮ್ಮ ಎನ್ 12. ಎಡ-ಬಲ ಜೋಡಿಯಾಗಿಯೇ ಹೋಲಿಸಿ.

ಖಾಲಿ ಮಂಡಿ ತುಂಬಿದ್ದು ನಿಮ್ಮ ತಪ್ಪಲ್ಲ. ಮೊಲದ ಮಂಡಿಯ ಕಾರ್ಟಿಲೇಜ್ ದಪ್ಪ ಸುಮಾರು 0.3 ಮಿ.ಮೀ. ಅಷ್ಟೇ, ಮನುಷ್ಯರಲ್ಲಿ 2 ಮಿ.ಮೀ.ಗಿಂತ ಜಾಸ್ತಿ. ನೀವು ಕೊರೆದ 3 ಮಿ.ಮೀ.ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮೂಳೆಯೇ ಅಲ್ವಾ? ಮೂಳೆಯೊಳಗಿಂದ ರಕ್ತ, ಮಜ್ಜೆಯ ಕೋಶಗಳು ಬಂದು ತೂತು ತಾನಾಗಿಯೇ ತುಂಬಿಕೊಳ್ಳುತ್ತದೆ. ಆದರೆ ತುಂಬಿದ್ದೆಲ್ಲ ಒಳ್ಳೆ ಕಾರ್ಟಿಲೇಜ್ ಅಲ್ಲ, ಎಷ್ಟೋ ಸಲ ಅದು ನಾರುನಾರಾದ ಅಂಗಾಂಶ. ಸಫ್ರಾನಿನ್-ಓ (ಕಾರ್ಟಿಲೇಜನ್ನು ಕೆಂಪಾಗಿ ತೋರಿಸುವ ಬಣ್ಣ), ಟೈಪ್ 2 ಕೊಲಾಜೆನ್ (ಒಳ್ಳೆ ಕಾರ್ಟಿಲೇಜ್‌ನ ಮುಖ್ಯ ಪ್ರೋಟೀನ್) ನೋಡದೆ ಏನೂ ಹೇಳಬೇಡಿ.

ಕೆಟ್ಟ ಎರಡನ್ನು ತೆಗೆದರೆ ಸರಾಸರಿ ಚೆಂದ ಕಾಣುತ್ತದೆ, ಆದರೆ ನಾಳೆ ಅದೇ ಜೆಲ್ ಒಬ್ಬರ ಮಂಡಿಗೆ ಹೋದಾಗ ಆ ಎರಡು ಮೊಲ ಹೇಳಿದ್ದ ಮಾತು ಯಾರಿಗೂ ಗೊತ್ತಿರುವುದಿಲ್ಲ. ಇಂಥ ಕಾರಣಕ್ಕೆ ಬಿಡುತ್ತೇವೆ ಅಂತ ಆಪರೇಷನ್‌ಗೆ ಮೊದಲೇ ಬರೆದಿಟ್ಟಿದ್ದರೆ ಮಾತ್ರ ಬಿಡಿ, ಬಿಟ್ಟದ್ದನ್ನೂ ಬರೆಯಿರಿ. ಗ್ರಾಫ್‌ನಲ್ಲಿ ಸುಮ್ನೆ ಕಂಬ ಎಬ್ಬಿಸಬೇಡಿ, ಒಂದೊಂದು ಮೊಲಕ್ಕೂ ಒಂದೊಂದು ಚುಕ್ಕಿ ಇಡಿ.

ಪ್ರಶ್ನೆ: ಮಂಡಿಯ ಅಂಗಾಂಶದ ಸ್ಲೈಡ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಎಷ್ಟು ಮಾಯ್ದಿದೆ ಅಂತ ಅಂಕ ಕೊಟ್ಟಿದ್ದು ನಾನೇ ಮೇಡಂ, ಜೆಲ್ ಯಾವುದು ಅಂತ ಗೊತ್ತಿತ್ತು.

ಉತ್ತರ: ಸ್ಲೈಡ್ ಇನ್ನೂ ಇವೆಯಲ್ಲ, ಸರಿಮಾಡಬಹುದು. ಲೇಬಲ್ ಮುಚ್ಚಿ, ಬೇರೆಯವರಿಂದ ಹೊಸ ನಂಬರ್ ಹಾಕಿಸಿ. ಏನೂ ಗೊತ್ತಿಲ್ಲದ ಇಬ್ಬರು ಬೇರೆ ಬೇರೆ ಕೂತು ಅಂಕ ಕೊಡಲಿ. ಅಂದಹಾಗೆ, ಯಾವ ಮಂಡಿಗೆ ಜೆಲ್ ಅಂತ ಚೀಟಿ ಎತ್ತಿ ನಿರ್ಧರಿಸಬೇಕಿತ್ತು, ಎಲ್ಲಕ್ಕೂ ಬಲಗಡೆಯೇ ಆಗಿದೆ. ಅದನ್ನು ಈಗ ಬದಲಿಸಲಾಗದು, ಇದ್ದ ಹಾಗೇ ಬರೆಯಿರಿ. ಮೊಲಗಳ ವಯಸ್ಸು ಎಷ್ಟಿತ್ತು?

ಪ್ರಶ್ನೆ: 4 ತಿಂಗಳು.

ಉತ್ತರ: ಹಾಗಾದರೆ ಇನ್ನೂ ಬೆಳೆಯುತ್ತಿದ್ದ ಮರಿಗಳು, ಬೆಳೆದ ಮೊಲಕ್ಕಿಂತ ಬೇಗ ಮಾಯುತ್ತವೆ. ವಯಸ್ಸು, ತೂಕ ಎರಡನ್ನೂ ಮೊದಲ ಪುಟದಲ್ಲೇ ಹಾಕಿ. ಖಾಲಿ ಮಂಡಿ ತುಂಬಿದ್ದಕ್ಕೆ ಅದೂ ಒಂದು ಕಾರಣವಿರಬಹುದು.