ವರಮಾನವನ್ನು ಅಳೆದರೆ ವರ್ಗವನ್ನು ಅಳೆದಂತಾಯಿತೇ?

ಪ್ರಶ್ನೆ

ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡುತ್ತಿರುವ ನಾನು ಸಾಮಾಜಿಕ ಶ್ರೇಣೀಕರಣವನ್ನು ಕುರಿತು ಒಂದು ಕಿರುಪ್ರಬಂಧವನ್ನು ಸಿದ್ಧಪಡಿಸುತ್ತಿದ್ದೇನೆ. ಅದಕ್ಕಾಗಿ ರೂಪಿಸಿದ ಪ್ರಶ್ನಾವಳಿಯಲ್ಲಿ ಕುಟುಂಬದ ಯಜಮಾನರ ತಿಂಗಳ ವರಮಾನವನ್ನು ಕೇಳಿ, ಬರುವ ಉತ್ತರಗಳನ್ನು ಐದು ಹಂತಗಳಾಗಿ ವಿಂಗಡಿಸಿ, ಅವುಗಳಿಗೆ ಕೆಳವರ್ಗದಿಂದ ಮೇಲ್ವರ್ಗದವರೆಗೆ ಹೆಸರು ಕೊಟ್ಟಿದ್ದೆ. ಮಾರ್ಗದರ್ಶಕರು ಆ ಪುಟದ ಅಂಚಿನಲ್ಲಿ ‘ಇದು ವರಮಾನದ ಪಟ್ಟಿ, ವರ್ಗದ ಪಟ್ಟಿಯಲ್ಲ’ ಎಂದಷ್ಟೇ ಬರೆದು ಹಿಂದಿರುಗಿಸಿದ್ದಾರೆ.

ಪಠ್ಯಪುಸ್ತಕಗಳನ್ನು ಮತ್ತೆ ತೆರೆದು ನೋಡಿದೆ. ಮಾರ್ಕ್ಸ್ ಎರಡು ವರ್ಗ ಹೇಳಿದ, ವೆಬರ್ ಮೂರು ಆಯಾಮ ಹೇಳಿದ, ಪ್ರಕಾರ್ಯವಾದಿಗಳು (ಸಮಾಜದ ಪ್ರತಿಯೊಂದು ವ್ಯವಸ್ಥೆಯೂ ಅದರ ಯಾವುದೋ ಅಗತ್ಯವನ್ನು ಪೂರೈಸುತ್ತದೆ ಎನ್ನುವವರು) ಅಸಮಾನತೆ ಅಗತ್ಯವೆಂದರು ಎಂಬ ಮೂರು ಕಂಡಿಕೆಗಳು ನಾನು ನೋಡಿದ ಪುಸ್ತಕಗಳಲ್ಲೆಲ್ಲ ಇವೆ. ಪರೀಕ್ಷೆಗೆ ಅವು ಸಾಕಾಗಬಹುದು, ಆದರೆ ಪ್ರಶ್ನಾವಳಿಯಲ್ಲಿ ಏನನ್ನು ಕೇಳಬೇಕೆಂಬುದು ಅವುಗಳಿಂದ ತಿಳಿಯುವುದಿಲ್ಲ. ಹೆಚ್ಚು ಗಳಿಸುವವರು ಮೇಲಿದ್ದಾರೆ, ಕಡಿಮೆ ಗಳಿಸುವವರು ಕೆಳಗಿದ್ದಾರೆ ಎನ್ನುವುದರಲ್ಲಿ ತಪ್ಪೇನಿದೆ? ಇದರ ಜೊತೆಗೆ ಇನ್ನೊಂದು ಸಂದೇಹವಿದೆ. ಒಂದು ಸಮಾಜದಲ್ಲಿ ಮಕ್ಕಳು ತಂದೆತಾಯಿಯರಿಗಿಂತ ಮೇಲಿನ ಉದ್ಯೋಗಗಳಿಗೆ ಹೋಗುತ್ತಿದ್ದಾರೆ ಎಂದಾದರೆ, ಅಲ್ಲಿ ವರ್ಗದ ಬಿಗಿ ಸಡಿಲವಾಗಿದೆ ಎಂದು ತೀರ್ಮಾನಿಸಬಹುದೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ನಿಮ್ಮ ಮಾರ್ಗದರ್ಶಕರ ಆ ಒಂದು ಸಾಲಿನ ಹಿಂದೆ ದೊಡ್ಡ ಚರ್ಚೆಯೇ ಇದೆ. ಅವರು ಅದನ್ನು ನಾಲ್ಕು ಸಾಲು ಬೆಳೆಸಿ ಬರೆದಿದ್ದರೆ ನಿಮಗೆ ಇಷ್ಟು ತೊಡಕಾಗುತ್ತಿರಲಿಲ್ಲ. ನೀವು ಕೇಳಿರುವ ಪ್ರಶ್ನೆಯನ್ನು ಮಾರ್ಕ್ಸ್ ತನಗೆ ತಾನೇ ಕೇಳಿಕೊಂಡಿದ್ದ. ‘ಬಂಡವಾಳ’ ಗ್ರಂಥದ ಮೂರನೆಯ ಸಂಪುಟ ಆತ ತೀರಿಕೊಂಡ ಹನ್ನೊಂದು ವರ್ಷಗಳ ನಂತರ, 1894ರಲ್ಲಿ, ಎಂಗೆಲ್ಸ್‌ನ ಸಂಪಾದಕತ್ವದಲ್ಲಿ ಹೊರಬಂತು. ಅದರ ಕೊನೆಯ ಅಧ್ಯಾಯದ ಹೆಸರೇ ‘ವರ್ಗಗಳು’. ಕೂಲಿಯಿಂದ ಬದುಕುವವರು, ಲಾಭದಿಂದ ಬದುಕುವವರು, ಭೂಮಿಯ ಗೇಣಿಯಿಂದ ಬದುಕುವವರು ಎಂದು ಎರಡಲ್ಲ, ಮೂರು ಗುಂಪುಗಳನ್ನು ಹೆಸರಿಸಿ, ಒಂದು ವರ್ಗವನ್ನು ವರ್ಗವನ್ನಾಗಿ ಮಾಡುವುದು ಯಾವುದು ಎಂದು ಆತ ಅಲ್ಲಿ ಕೇಳುತ್ತಾನೆ. ಮೇಲ್ನೋಟಕ್ಕೆ, ಒಂದು ಗುಂಪಿನವರೆಲ್ಲರ ವರಮಾನವೂ ಅದರ ಮೂಲವೂ ಒಂದೇ ಬಗೆಯದಾಗಿರುವುದೇ ಅವರನ್ನು ವರ್ಗವನ್ನಾಗಿ ಮಾಡುತ್ತದೆ ಎನ್ನಿಸುತ್ತದೆ. ಆದರೆ ಹಾಗೆ ಒಪ್ಪಿಕೊಂಡರೆ ವೈದ್ಯರೂ ಅಧಿಕಾರಿಗಳೂ ಎರಡು ಬೇರೆ ವರ್ಗಗಳಾಗಬೇಕಾಗುತ್ತದೆ, ಶ್ರಮವಿಭಜನೆ ಕವಲೊಡೆದಷ್ಟೂ ವರ್ಗಗಳು ಹುಟ್ಟುತ್ತಾ ಹೋಗುತ್ತವೆ ಎಂಬ ಆಕ್ಷೇಪವನ್ನು ತಾನೇ ಎತ್ತುತ್ತಾನೆ. ಹಸ್ತಪ್ರತಿ ಅಲ್ಲಿಗೆ ನಿಂತುಹೋಗಿದೆ. ವರ್ಗದ ಬಗ್ಗೆ ಅಷ್ಟೊಂದು ಬರೆದವನು ಅದರ ವ್ಯಾಖ್ಯೆಯನ್ನು ಅರ್ಧಕ್ಕೆ ಬಿಟ್ಟು ಹೋದ ಎಂಬ ಸಂಗತಿ ಪಠ್ಯಪುಸ್ತಕದ ಅಚ್ಚುಕಟ್ಟಾದ ಕಂಡಿಕೆಗೆ ಒಗ್ಗುವುದಿಲ್ಲವೇನೋ.

ಆದರೂ ಆತನ ಉಳಿದ ಬರಹದಿಂದ ಉತ್ತರದ ದಿಕ್ಕು ಕಾಣುತ್ತದೆ. ಉತ್ಪಾದನೆಯಲ್ಲಿ ಒಬ್ಬರು ಇತರರೊಡನೆ ಯಾವ ಸಂಬಂಧದಲ್ಲಿ ನಿಂತಿದ್ದಾರೆ ಎಂಬುದೇ ಅಲ್ಲಿ ವರ್ಗ. ಕೈಗೆ ಎಷ್ಟು ಹಣ ಬರುತ್ತದೆ ಎಂಬುದು ಆ ಸಂಬಂಧದ ಫಲ ಮಾತ್ರ. ಇಬ್ಬರು ಬಡಗಿಗಳನ್ನು ಊಹಿಸಿಕೊಳ್ಳಿ. ಒಬ್ಬರಿಗೆ ಸ್ವಂತ ಸಲಕರಣೆಗಳಿವೆ, ಕೆಲಸಕ್ಕೊಂದು ಜಾಗವಿದೆ, ಕೈಕೆಳಗೆ ಇಬ್ಬರು ಆಳುಗಳಿದ್ದಾರೆ. ಇನ್ನೊಬ್ಬರು ಕಾರ್ಖಾನೆಯೊಂದರಲ್ಲಿ ದಿನಗೂಲಿಗೆ ದುಡಿಯುತ್ತಾರೆ. ಈ ವರ್ಷ ಇಬ್ಬರ ಗಳಿಕೆಯೂ ಒಂದೇ ಎಂದಿಟ್ಟುಕೊಂಡರೆ, ನಿಮ್ಮ ಪಟ್ಟಿಯಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಕೂರುತ್ತಾರೆ. ಆದರೆ ಬೇಡಿಕೆ ಕುಸಿದಾಗ ಮೊದಲನೆಯವರು ಯಾರನ್ನು ಕೆಲಸದಿಂದ ಬಿಡಿಸಬೇಕೆಂದು ಯೋಚಿಸುತ್ತಾರೆ, ಎರಡನೆಯವರು ತಮ್ಮನ್ನು ಬಿಡಿಸಿಯಾರೇ ಎಂದು ಯೋಚಿಸುತ್ತಾರೆ. ಕೂಲಿಯ ದರ ಏರಿದರೆ ಒಬ್ಬರಿಗೆ ಖರ್ಚು, ಇನ್ನೊಬ್ಬರಿಗೆ ಗಳಿಕೆ. ವರಮಾನದ ಅಂಕಿಯಲ್ಲಿ ಈ ಯಾವುದೂ ಕಾಣುವುದಿಲ್ಲ.

ವೆಬರ್ ಇದನ್ನು ಮಾರುಕಟ್ಟೆಯ ಕಡೆಯಿಂದ ನೋಡಿದ. ತನ್ನ ಬಳಿಯಿರುವ ಆಸ್ತಿಯನ್ನೋ ಕೌಶಲವನ್ನೋ ಮಾರುಕಟ್ಟೆಗೆ ತಂದಾಗ ಒಬ್ಬರಿಗೆ ದೊರೆಯಬಹುದಾದ ಜೀವನಾವಕಾಶಗಳೇ ಆತನ ಪ್ರಕಾರ ವರ್ಗಸ್ಥಿತಿ. ಈ ಮಾತನ್ನು ಆತ ಎಷ್ಟು ಕಟ್ಟುನಿಟ್ಟಾಗಿ ಹಿಡಿದನೆಂದರೆ, ಗುಲಾಮರ ಬದುಕನ್ನು ಮಾರುಕಟ್ಟೆಯಲ್ಲಿ ಅವರ ಸ್ವಂತ ಅವಕಾಶಗಳು ನಿರ್ಧರಿಸುವುದಿಲ್ಲವಾದ್ದರಿಂದ ಅವರು ಪಾರಿಭಾಷಿಕ ಅರ್ಥದಲ್ಲಿ ವರ್ಗವೇ ಅಲ್ಲ, ಅಂತಸ್ತಿನ ಗುಂಪು ಎಂದು ಹೇಳಿದ. ಅಂತಸ್ತು ಎಂದರೆ ಸಮಾಜ ಸಲ್ಲಿಸುವ ಅಥವಾ ನಿರಾಕರಿಸುವ ಮರ್ಯಾದೆ. ಅದು ಯಾರೊಡನೆ ಕುಳಿತು ಉಣ್ಣಬಹುದು, ಯಾರನ್ನು ಮದುವೆಯಾಗಬಹುದು ಎಂಬುದರಲ್ಲಿ ತೋರಿಕೊಳ್ಳುತ್ತದೆ, ಮತ್ತು ಹಣದ ಹಿಂದೆಯೇ ನಡೆದುಬರಬೇಕೆಂಬ ನಿಯಮವಿಲ್ಲ. ಮೂರನೆಯದಾದ ಪಕ್ಷ, ಅಂದರೆ ಅಧಿಕಾರಕ್ಕಾಗಿ ಸಂಘಟಿತರಾಗುವ ಗುಂಪುಗಳು, ನಿಮ್ಮ ಪ್ರಶ್ನಾವಳಿಗೆ ಸದ್ಯ ಬೇಕಾಗಿಲ್ಲ.

ಇವರಿಬ್ಬರಿಂದ ಸಮೀಕ್ಷೆಯ ಪ್ರಶ್ನೆಗಳನ್ನು ಹೇಗೆ ತೆಗೆಯುವುದು ಎಂಬುದಕ್ಕೆ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಜಾನ್ ಗೋಲ್ಡ್‌ಥಾರ್ಪ್ ಅವರ ವರ್ಗಯೋಜನೆಯನ್ನು ನೋಡಿ. ಮಾಲೀಕರು, ಆಳುಗಳಿಲ್ಲದೆ ಸ್ವಂತ ದುಡಿಮೆ ಮಾಡುವವರು, ನೌಕರರು ಎಂದು ಮೊದಲು ಬೇರ್ಪಡಿಸಿ, ನೌಕರರನ್ನು ಮತ್ತೆ ಒಪ್ಪಂದದ ಸ್ವರೂಪದಿಂದ ಅವರು ವಿಂಗಡಿಸುತ್ತಾರೆ. ಎಷ್ಟು ಕೆಲಸ ಆಯಿತೆಂದು ಸುಲಭವಾಗಿ ಲೆಕ್ಕ ಹಾಕಬಹುದಾದ ಕಡೆ ಗಂಟೆಗೋ ತುಣುಕಿಗೋ ಕೂಲಿ ಇರುತ್ತದೆ. ವಿಶೇಷ ಜ್ಞಾನ ಬೇಕಾಗಿ, ಮೇಲ್ವಿಚಾರಣೆ ಕಷ್ಟವಾಗುವ ಕಡೆ ನೌಕರನ ನಿಷ್ಠೆಯನ್ನು ಉಳಿಸಿಕೊಳ್ಳಲು ಸಂಬಳ, ವಾರ್ಷಿಕ ಬಡ್ತಿ, ಪಿಂಚಣಿ, ಭವಿಷ್ಯದ ಭರವಸೆ ಇರುತ್ತವೆ. ಇಲ್ಲಿ ವರಮಾನವನ್ನು ಕೇಳುವುದೇ ಇಲ್ಲ ಎಂಬುದನ್ನು ಗಮನಿಸಿ.

ಎರಡನೆಯ ಉತ್ತರ

ಮೊದಲ ಪ್ರಶ್ನೆಗೆ ಮೇಲಿನವರು ಉತ್ತರಿಸಿರುವುದರಿಂದ ನಾನು ಎರಡನೆಯದಕ್ಕೆ ಮಾತ್ರ ಬರುತ್ತೇನೆ. ಮಕ್ಕಳು ಮೇಲಿನ ಉದ್ಯೋಗಗಳಿಗೆ ಹೋಗುತ್ತಿದ್ದಾರೆ ಎಂದಮಾತ್ರಕ್ಕೆ ವರ್ಗದ ಬಿಗಿ ಸಡಿಲವಾಗಿದೆ ಎನ್ನಲಾಗುವುದಿಲ್ಲ, ಏಕೆಂದರೆ ಮೇಲಿನ ಉದ್ಯೋಗಗಳ ಸಂಖ್ಯೆಯೇ ಬೆಳೆದಿರಬಹುದು.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಒಂದು ತಲೆಮಾರಿನಲ್ಲಿ ಅಧಿಕಾರಿಗಳ ಮನೆಯ 100 ಮಕ್ಕಳಲ್ಲಿ 60 ಮಂದಿ ಅಧಿಕಾರಿಗಳಾದರು, ಕಾರ್ಮಿಕರ ಮನೆಯ 100 ಮಕ್ಕಳಲ್ಲಿ 15 ಮಂದಿ ಆದರು. ಮುಂದಿನ ತಲೆಮಾರಿನಲ್ಲಿ ಕಚೇರಿಗಳು ಬೆಳೆದವು. ಈಗ ಮೊದಲ ಗುಂಪಿನಲ್ಲಿ 80, ಎರಡನೆಯ ಗುಂಪಿನಲ್ಲಿ 32. ಕಾರ್ಮಿಕರ ಮಕ್ಕಳ ಪಾಲು ಇಮ್ಮಡಿಗಿಂತ ಹೆಚ್ಚಾಗಿದೆ, ಸಂತೋಷವೇ. ಆದರೆ ಪೈಪೋಟಿಯ ದೃಷ್ಟಿಯಿಂದ ನೋಡಿ. ಮೊದಲ ತಲೆಮಾರಿನಲ್ಲಿ ಒಂದು ಕಡೆ ಅಧಿಕಾರಿಗಳಾಗದ 40 ಮಂದಿಗೆ ಆದವರು 60, ಇನ್ನೊಂದು ಕಡೆ ಆಗದ 85ಕ್ಕೆ ಆದವರು 15. ಮೊದಲನೆಯದು ಎರಡನೆಯದರ 8.5 ಪಟ್ಟು. ಎರಡನೆಯ ತಲೆಮಾರಿನಲ್ಲಿ ಒಂದು ಕಡೆ 20ಕ್ಕೆ 80, ಇನ್ನೊಂದು ಕಡೆ 68ಕ್ಕೆ 32. ಇದೂ ಸರಿಯಾಗಿ 8.5 ಪಟ್ಟು. ಎಲ್ಲರೂ ಮೇಲೇರಿದ್ದಾರೆ, ಅಂತರ ಮಾತ್ರ ಅಲುಗಾಡಿಲ್ಲ. ಮೊದಲಿನ ಬಗೆಯ ಏರಿಕೆಗೆ ನಿರಪೇಕ್ಷ ಚಲನಶೀಲತೆ ಎಂದೂ, ಈ ಅನುಪಾತ ಅಳೆಯುವುದಕ್ಕೆ ಸಾಪೇಕ್ಷ ಚಲನಶೀಲತೆ ಎಂದೂ ಹೆಸರು.

ಇದು ಬರಿಯ ಲೆಕ್ಕದ ಚಮತ್ಕಾರವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪುರುಷರನ್ನು ಕುರಿತು 1972ರಲ್ಲಿ ನಡೆದ ಆಕ್ಸ್‌ಫರ್ಡ್ ಸಮೀಕ್ಷೆಯ ಆಧಾರದಿಂದ ಗೋಲ್ಡ್‌ಥಾರ್ಪ್ ಮತ್ತು ಅವರ ಸಹೋದ್ಯೋಗಿಗಳು 1980ರಲ್ಲಿ ಪ್ರಕಟಿಸಿದ ಫಲಿತಾಂಶ ಹೆಚ್ಚುಕಡಿಮೆ ಇದೇ ಆಗಿತ್ತು. ಎರಡನೆಯ ಮಹಾಯುದ್ಧದ ನಂತರ ಆಡಳಿತ ಮತ್ತು ವೃತ್ತಿಪರ ಹುದ್ದೆಗಳು ಹೆಚ್ಚಿದ್ದರಿಂದ ಬಹಳ ಜನ ಮೇಲೇರಿದ್ದರು, ಆದರೆ ಹುಟ್ಟಿನಿಂದ ಬಂದ ಸಾಪೇಕ್ಷ ಅವಕಾಶಗಳು ಹೆಚ್ಚು ಬದಲಾಗಿರಲಿಲ್ಲ. ಆದ್ದರಿಂದ ನಿಮ್ಮ ಪ್ರಬಂಧದಲ್ಲಿ ‘ಚಲನಶೀಲತೆ’ ಎಂಬ ಪದ ಬರುವ ಪ್ರತಿಯೊಂದು ಕಡೆಯೂ ಎರಡರಲ್ಲಿ ಯಾವುದೆಂದು ಹೇಳಿ.

ಮೂರನೆಯ ಉತ್ತರ

ಮೊದಲ ಉತ್ತರ ನೀಡಿದವರೊಡನೆ ನನಗೆ ಪೂರ್ತಿ ಸಹಮತವಿಲ್ಲ. ಸಂಬಂಧವೇ ಎಲ್ಲ, ಏಣಿ ಏನೂ ಅಲ್ಲ ಎನ್ನುವಂತೆ ಅವರ ವಾದ ಸಾಗಿದೆ. 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನವನ್ನು ನೆನಪಿಸಿಕೊಳ್ಳಿ. ಬ್ರಿಟನ್ನಿನ ಸರ್ಕಾರಿ ಸೇವೆಯಲ್ಲಿದ್ದ ಸುಮಾರು 18,000 ಪುರುಷ ನೌಕರರ ಆರೋಗ್ಯವನ್ನು ಅದರಲ್ಲಿ ವರ್ಷಗಟ್ಟಲೆ ಗಮನಿಸಲಾಯಿತು. ಎಲ್ಲರಿಗೂ ಒಬ್ಬನೇ ಧಣಿ, ಯಾರ ಬಳಿಯೂ ಉತ್ಪಾದನಾ ಸಾಧನವಿಲ್ಲ, ಯಾರೂ ನಿರ್ಗತಿಕರಲ್ಲ. ಆದರೂ ಅತಿ ಕೆಳಗಿನ ದರ್ಜೆಯವರ ಮರಣದ ಪ್ರಮಾಣ ಅತಿ ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಅದಕ್ಕಿಂತ ಮುಖ್ಯವಾದುದೆಂದರೆ, ಮೇಲಿನಿಂದ ಎರಡನೆಯ ದರ್ಜೆಯವರ ಸ್ಥಿತಿಯೂ ಮೊದಲನೆಯ ದರ್ಜೆಯವರಿಗಿಂತ ಕೆಳಗಿತ್ತು. ಮೆಟ್ಟಿಲು ಇಳಿದಷ್ಟೂ ಆಯುಷ್ಯ ಇಳಿಯುತ್ತಿತ್ತು. ಧೂಮಪಾನ, ರಕ್ತದೊತ್ತಡ ಮುಂತಾದವು ಈ ವ್ಯತ್ಯಾಸದ ಒಂದು ಭಾಗವನ್ನಷ್ಟೇ ವಿವರಿಸಿದವು. ಮಾಲೀಕ ಮತ್ತು ಕಾರ್ಮಿಕ ಎಂಬ ಸಂಬಂಧದ ಭಾಷೆಯೊಂದರಿಂದಲೇ ಇದನ್ನು ಹೇಗೆ ಹಿಡಿಯುತ್ತೀರಿ?

ವರಮಾನವನ್ನು ಕೇಳಿ, ಆದರೆ ಅದರ ಜೊತೆಗೆ ಆಸ್ತಿಯನ್ನೂ ಕೇಳಿ ಎಂಬುದು ನನ್ನ ಸಲಹೆ. ವರಮಾನ ನಲ್ಲಿಯಲ್ಲಿ ಬರುವ ನೀರು, ಆಸ್ತಿ ತೊಟ್ಟಿಯಲ್ಲಿ ನಿಂತ ನೀರು. ಕೆಲಸ ಹೋದ ದಿನ ಯಾರು ಯಾರು ಎಷ್ಟು ಕಾಲ ತಡೆದುಕೊಳ್ಳಬಲ್ಲರು ಎಂಬುದು ತೊಟ್ಟಿಯಿಂದ ತಿಳಿಯುತ್ತದೆಯೇ ಹೊರತು ನಲ್ಲಿಯಿಂದಲ್ಲ. ಆಸ್ತಿಯ ಹಂಚಿಕೆ ಸಾಮಾನ್ಯವಾಗಿ ವರಮಾನದ ಹಂಚಿಕೆಗಿಂತ ಹೆಚ್ಚು ಅಸಮವಾಗಿರುತ್ತದೆ. ಹಂಚಿಕೆಯ ಅಸಮಾನತೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಜೀನಿ ಸೂಚ್ಯಂಕವನ್ನು ಬಳಸುವ ಯೋಚನೆಯಿದ್ದರೆ ಅದರ ಮಿತಿಯನ್ನೂ ತಿಳಿದಿರಿ. ಮೇಲಿನವರೂ ಕೆಳಗಿನವರೂ ಪ್ರತಿ ವರ್ಷ ಸ್ಥಾನ ಬದಲಿಸಿಕೊಳ್ಳುವ ಸಮಾಜಕ್ಕೂ, ತಲೆಮಾರುಗಟ್ಟಲೆ ಅದೇ ಕುಟುಂಬಗಳು ಅದೇ ಸ್ಥಾನದಲ್ಲಿ ಕುಳಿತಿರುವ ಸಮಾಜಕ್ಕೂ ಅದು ಒಂದೇ ಅಂಕಿಯನ್ನು ಕೊಡಬಲ್ಲದು.

ಪ್ರಕಾರ್ಯವಾದಿಗಳನ್ನು ಎಲ್ಲರೂ ಒಂದು ಕಂಡಿಕೆಯಲ್ಲಿ ಮುಗಿಸಿಬಿಡುತ್ತಾರೆ, ಅದು ನ್ಯಾಯವಲ್ಲ. ಡೇವಿಸ್ ಮತ್ತು ಮೂರ್ 1945ರಲ್ಲಿ ಹೇಳಿದ್ದು ಹುದ್ದೆಗಳ ಬಗ್ಗೆ: ಸಮಾಜಕ್ಕೆ ಮುಖ್ಯವಾದ, ವಿರಳ ಪ್ರತಿಭೆಯನ್ನೋ ದೀರ್ಘ ತರಬೇತಿಯನ್ನೋ ಬೇಡುವ ಹುದ್ದೆಗಳಿಗೆ ಹೆಚ್ಚು ಪ್ರತಿಫಲವಿದ್ದರೆ ಮಾತ್ರ ತಕ್ಕ ಜನ ಬರುತ್ತಾರೆ ಎಂದು. ಆ ಹುದ್ದೆಗೆ ಯಾರ ಮಕ್ಕಳು ತಲುಪುತ್ತಾರೆ ಎಂಬುದು ಬೇರೆ ಪ್ರಶ್ನೆ. ಮೆಲ್ವಿನ್ ಟ್ಯೂಮಿನ್ 1953ರಲ್ಲಿ ಪೆಟ್ಟು ಕೊಟ್ಟದ್ದು ಸರಿಯಾಗಿ ಆ ಸಂದಿಯಲ್ಲೇ: ಶ್ರೇಣೀಕರಣ ಬಿಗಿಯಾದಷ್ಟೂ ಕೆಳಗಿನವರಲ್ಲಿ ಎಂಥ ಪ್ರತಿಭೆಯಿದೆ ಎಂಬುದನ್ನು ಸಮಾಜ ಕಂಡುಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ, ತರಬೇತಿಯ ಕಾಲದ ‘ತ್ಯಾಗ’ವನ್ನು ಬಹುಪಾಲು ಹೊರುವವರು ತಂದೆತಾಯಿಯರೇ ಎಂದು ಅವರು ತೋರಿಸಿದರು. ಹುದ್ದೆಯ ಪ್ರಾಮುಖ್ಯವನ್ನು ಅದರ ಸಂಬಳವನ್ನು ನೋಡದೆ ಅಳೆಯುವುದು ಹೇಗೆಂಬ ಅವರ ಇನ್ನೊಂದು ಪ್ರಶ್ನೆಗೆ ತೃಪ್ತಿಕರವಾದ ಉತ್ತರವನ್ನು ನಾನು ಎಲ್ಲಿಯೂ ಓದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ವರಮಾನ, ಆಸ್ತಿ, ಉದ್ಯೋಗ ಸಂಬಂಧ ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕೆಂಬುದು ಈಗ ಅರ್ಥವಾಗಿದೆ. ಒಂದು ತೊಡಕು ಉಳಿದಿದೆ. ಕಂಪನಿಯೊಂದರ ವ್ಯವಸ್ಥಾಪಕರಿಗೆ ಅದರಲ್ಲಿ ಒಂದು ಪಾಲೂ ಇಲ್ಲ, ಸಂಬಳಕ್ಕೆ ದುಡಿಯುತ್ತಾರೆ. ಆದರೆ ಐವತ್ತು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ, ತೆಗೆದುಹಾಕುವ ಅಧಿಕಾರ ಅವರದು. ಸಂಬಂಧದ ದೃಷ್ಟಿಯಿಂದ ಅವರು ಯಾವ ಕಡೆಯವರು?

ಮೊದಲ ಉತ್ತರ ನೀಡಿದವರು

ಎರಡೂ ಕಡೆಯವರು, ಎಂದೇ ಅಮೆರಿಕದ ಸಮಾಜಶಾಸ್ತ್ರಜ್ಞ ಎರಿಕ್ ಓಲಿನ್ ರೈಟ್ ಅಂಥ ಸ್ಥಾನವನ್ನು ‘ವಿರೋಧಾಭಾಸದ ವರ್ಗಸ್ಥಾನ’ ಎಂದು ಕರೆದರು. ಬಂಡವಾಳದ ಒಡೆತನವಿಲ್ಲದ್ದರಿಂದ ಅವರು ಕಾರ್ಮಿಕರಂತೆ, ಇತರರ ಶ್ರಮದ ಮೇಲೆ ಹಿಡಿತವಿರುವುದರಿಂದ ಮಾಲೀಕರಂತೆ. ಇದರಿಂದ ನಿಮ್ಮ ಪ್ರಶ್ನಾವಳಿಗೆ ನೇರ ಪ್ರಯೋಜನವಿದೆ. ‘ನಿಮ್ಮ ಉದ್ಯೋಗವೇನು’ ಎಂದು ಕೇಳಿ ಬಿಟ್ಟರೆ ಸಾಲದು. ಕೆಲಸ ಸ್ವಂತದ್ದೋ ಇನ್ನೊಬ್ಬರದೋ, ಸ್ವಂತದ್ದಾದರೆ ಎಷ್ಟು ಜನರಿಗೆ ಕೂಲಿ ಕೊಡುತ್ತೀರಿ, ಇನ್ನೊಬ್ಬರದಾದರೆ ನಿಮ್ಮ ಕೈಕೆಳಗೆ ಯಾರಾದರೂ ಇದ್ದಾರೆಯೇ, ದಿನದ ಕೆಲಸದ ಹೊತ್ತನ್ನೂ ಕ್ರಮವನ್ನೂ ನಿರ್ಧರಿಸುವವರು ಯಾರು ಎಂದು ಕೇಳಬೇಕು. ವೈಟ್‌ಹಾಲ್‌ನ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ: ದರ್ಜೆ ಎಂಬುದೂ ಯಾರು ಯಾರಿಗೆ ಅಪ್ಪಣೆ ಕೊಡುತ್ತಾರೆ ಎಂಬ ಸಂಬಂಧವೇ. ಕೆಲಸದ ಹೊತ್ತನ್ನೂ ಕ್ರಮವನ್ನೂ ನಿರ್ಧರಿಸುವವರು ಯಾರೆಂಬ ಪ್ರಶ್ನೆಯ ಉತ್ತರಗಳನ್ನು ವರಮಾನದ ಪಕ್ಕದಲ್ಲಿಟ್ಟು ನೋಡಿದರೆ ನಮ್ಮಿಬ್ಬರಲ್ಲಿ ಯಾರ ಮಾತು ಹೆಚ್ಚು ಸರಿಯೆಂದು ನಿಮಗೆ ತಿಳಿಯಬಹುದು.

ಮತ್ತೊಂದು ಮಾತು, ನಿಮ್ಮ ಮಾರ್ಗದರ್ಶಕರು ಗಮನಿಸದೆ ಬಿಟ್ಟದ್ದು. ನೀವು ಕೇಳಿರುವುದು ‘ಕುಟುಂಬದ ಯಜಮಾನರ’ ವರಮಾನವನ್ನು. ಇಡೀ ಮನೆಗೆ ಗಂಡಸಿನ ವರ್ಗವನ್ನೇ ಹಚ್ಚುವ ಈ ರೂಢಿಯನ್ನು ಜೋನ್ ಆಕರ್ 1973ರಲ್ಲೇ ಪ್ರಶ್ನಿಸಿದ್ದರು. ಗೋಲ್ಡ್‌ಥಾರ್ಪ್ 1983ರಲ್ಲಿ ಅದನ್ನು ಸಮರ್ಥಿಸಿಕೊಂಡರು, ಮತ್ತು ಆ ವಿಷಯದಲ್ಲಿ ನಾನು ಆಕರ್ ಅವರ ಪಕ್ಷ. ಹೆಂಡತಿ ನೌಕರಿಯಲ್ಲಿದ್ದು, ಗಂಡ ಸ್ವಂತ ದುಡಿಮೆ ಮಾಡುತ್ತಿರುವ ಮನೆಯಲ್ಲಿ ಆ ಮನೆಯ ವರ್ಗ ಯಾವುದೆಂದು ಪ್ರಶ್ನಾವಳಿಯನ್ನು ಅಚ್ಚು ಹಾಕುವ ಮೊದಲೇ ನಿರ್ಧರಿಸಬೇಡಿ. ‘ಯಜಮಾನರ’ ಎಂಬ ಪದವನ್ನು ತೆಗೆದು, ದುಡಿಯುವ ಪ್ರತಿಯೊಬ್ಬರಿಗೂ ಒಂದೊಂದು ಸಾಲು ಬಿಡಿ.