ದೊಡ್ಡಮ್ಮನ ಸೊಂಟ ನೋವಿಗೆ: ಮೊದಲು ಒಂದು ಬೆರಳಿಟ್ಟು ತೋರಿಸಿ

ದೊಡ್ಡಮ್ಮಾ, ನಿಮ್ಮ ಮೆಸೇಜು ನೋಡ್ದೆ. ನಾಲ್ಕು ತಿಂಗಳಿಂದ ಬಲಗಡೆ ಸೊಂಟ ನೋವು, ಆ ಮಗ್ಗುಲಿಗೆ ಮಲಗೋಕಾಗಲ್ಲ, ಎಕ್ಸ್‌ರೇಯಲ್ಲಿ ಕೀಲು ಸ್ವಲ್ಪ ಸವೆದಿದೆ ಅಂತ ಬಂದಿದೆ. ಅದರ ಕೆಳಗೆ ಚಿಕ್ಕಪ್ಪ ಆಪರೇಷನ್ ಮಾಡಿಸಿ ಕೀಲೇ ಬದಲಾಯಿಸಿಬಿಡಿ ಅಂದಿದಾರೆ, ಇನ್ಯಾರೋ ಕಾಲು ಅಡ್ಡ ಎಳ್ಕೊಳ್ಳೋ ವಿಡಿಯೋ ಹಾಕಿದಾರೆ. ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೆಸೇಜು ಸ್ವಲ್ಪ ಉದ್ದ ಆಗುತ್ತೆ, ಕೂತ್ಕೊಂಡು ಕೇಳಿ. ಆದ್ರೆ ಕಾಲ ಮೇಲೆ ಕಾಲು ಹಾಕ್ಕೋಬೇಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಸೊಂಟ ಅನ್ನೋ ಮಾತೇ ಇಲ್ಲಿ ಗೊಂದಲ ಮಾಡೋದು. ಬೆನ್ನಿನ ಬುಡಕ್ಕೂ ಸೊಂಟ ಅಂತೀವಿ, ಪಕ್ಕದ ಮೂಳೆಗೂ ಅಂತೀವಿ, ತೊಡೆ ಸೇರೋ ಕೀಲಿಗೂ ಅದೇ. ಅದಕ್ಕೆ ಎದ್ದು ನಿಂತು, ಅತಿ ಹೆಚ್ಚು ನೋವಿರೋ ಜಾಗಕ್ಕೆ ಒಂದೇ ಬೆರಳಿಡಿ.

ಬೆರಳು ಮುಂದೆ ತೊಡೆಸಂದಿಗೆ ಹೋದ್ರೆ ಅನುಮಾನ ಕೀಲಿನ ಮೇಲೆ. ಕೀಲು ಇರೋದೇ ಅಲ್ಲಿ, ಆಳದಲ್ಲಿ. ಆ ನೋವು ತೊಡೆಯ ಮುಂಭಾಗಕ್ಕೆ ಇಳಿಯುತ್ತೆ. ಕೆಲವರಿಗೆ ಮಂಡಿಯಲ್ಲಿ ಮಾತ್ರ ಕಾಣಿಸ್ಕೊಳ್ಳುತ್ತೆ, ಮಂಡಿ ಎಕ್ಸ್‌ರೇ ತೆಗೆಸಿ ಏನೂ ಇಲ್ಲ ಅನ್ನಿಸ್ಕೊಂಡು ವಾಪಸ್ ಬರ್ತಾರೆ. ಸಾಕ್ಸ್ ಹಾಕೋದು, ಕಾಲಿನ ಉಗುರು ಕತ್ತರಿಸೋದು, ಕಾರಿಂದ ಇಳಿಯೋದು ಕಷ್ಟ ಆಗ್ತಿದ್ರೆ ಕೀಲಿನ ಅನುಮಾನ ಇನ್ನೂ ಗಟ್ಟಿ, ಯಾಕಂದ್ರೆ ಸವೆದ ಕೀಲಲ್ಲಿ ಮೊದಲು ಕಮ್ಮಿ ಆಗೋದು ತೊಡೆಯನ್ನ ಒಳಕ್ಕೆ ತಿರುಗಿಸೋ ಶಕ್ತಿ.

ಬೆರಳು ಹಿಂದೆ ಪೃಷ್ಠಕ್ಕೆ ಹೋಗಿ, ಜೋಮು ಮಂಡಿ ದಾಟಿ ಪಾದದ ತನಕ ಇಳಿಯುತ್ತೆ ಅಂದ್ರೆ ಬೆನ್ನಿನ ನರ ನೋಡಿಸ್ಬೇಕು. ಅದರ ದಾರಿಯೇ ಬೇರೆ.

ಬೆರಳು ಪಕ್ಕದಲ್ಲಿ, ಕೈಗೆ ಸಿಗೋ ಗಟ್ಟಿ ಮೂಳೆಯ ಮೇಲೆ ನಿಂತ್ರೆ? ಆ ಮಗ್ಗುಲಿಗೆ ಮಲಗೋಕಾಗಲ್ಲ ಅಂದ್ರಲ್ಲ, ನಂಗೆ ಅನುಮಾನ ಇರೋದು ಇಲ್ಲೇ. ಪೃಷ್ಠದ ಸ್ನಾಯುಗಳನ್ನ ಆ ಮೂಳೆಗೆ ಕಟ್ಟೋ ಹುರಿ, ಅಂದ್ರೆ ಟೆಂಡನ್, ಹದಗೆಟ್ಟಿರುತ್ತೆ. 40 ದಾಟಿದ ಹೆಂಗಸರಲ್ಲಿ ಇದು ಜಾಸ್ತಿ. ಗೋಡೆ ಪಕ್ಕ ನಿಂತು, ಬ್ಯಾಲೆನ್ಸಿಗೆ ಒಂದು ಬೆರಳು ಮಾತ್ರ ತಾಗಿಸಿ, ನೋವಿರೋ ಕಾಲ ಮೇಲೆ 30 ಸೆಕೆಂಡು ನಿಲ್ಲಿ. ಅದೇ ಪಕ್ಕದ ನೋವು ಎದ್ರೆ ಹೆಚ್ಚುಕಮ್ಮಿ ಇದೇ. ಎಕ್ಸ್‌ರೇಯ ‘ಸ್ವಲ್ಪ ಸವೆತ’ ನೋವೇ ಇಲ್ಲದ ಎಷ್ಟೋ ಜನರಲ್ಲೂ ಕಾಣುತ್ತೆ. ಫಿಲ್ಮಲ್ಲಿ ಕಂಡಿದ್ದೇ ನೋವಿನ ಮೂಲ ಅಂತ ಹೇಳೋಕಾಗಲ್ಲ.

ಈಗ ಆ ವಿಡಿಯೋ. ಕಾಲನ್ನ ಅಡ್ಡ ಎಳೆದಾಗ ಟೆಂಡನ್ ಮೂಳೆಗೆ ಒತ್ತಿ ಉಜ್ಜುತ್ತೆ. ಕಾಲ ಮೇಲೆ ಕಾಲು ಹಾಕಿ ಕೂತ್ರೂ, ಒಂದೇ ಕಾಲಿಗೆ ಭಾರ ಕೊಟ್ಟು ಸೊಂಟ ವಾಲಿಸಿ ನಿಂತ್ರೂ ಅದೇ. ಎಳೆದಾಗ ಹಿತ ಅನ್ಸುತ್ತೆ, ರಾತ್ರಿ ಕೆರಳುತ್ತೆ. ಮಲಗೋವಾಗ ಎಡ ಮಗ್ಗುಲಿಗೆ ತಿರುಗಿ, ಮಂಡಿಯಿಂದ ಕಣಕಾಲಿನವರೆಗೂ ಬರೋ ಹಾಗೆ ಎರಡು ಕಾಲಿನ ಮಧ್ಯೆ ದಪ್ಪ ದಿಂಬು ಇಡಿ. ಮಂಡಿಗೆ ಮಾತ್ರ ಇಟ್ರೆ ಪಾದ ಕೆಳಗೆ ಜಾರಿ ತೊಡೆ ತಿರುಚ್ಕೊಳ್ಳುತ್ತೆ.

ಈ ಟೆಂಡನ್‌ಗೆ ಬೇಕಿರೋದು ಮೆಲ್ಲಗೆ ಏರಿಸೋ ಭಾರ. ಅಂಗಾತ ಮಲಗಿ, ಮಂಡಿ ಮಡಿಸಿ, ತೊಡೆಗಳ ಸುತ್ತ ಮಂಡಿಗಿಂತ ಸ್ವಲ್ಪ ಮೇಲೆ ಒಂದು ಬೆಲ್ಟು ಬಿಗೀರಿ. ಕಾಲು ಹೊರಕ್ಕೆ ಅಗಲಿಸೋ ಹಾಗೆ ಬೆಲ್ಟನ್ನ ಮೃದುವಾಗಿ ಒತ್ತಿ 10 ಸೆಕೆಂಡು ಹಿಡೀರಿ, 5 ಸಲ, ದಿನಕ್ಕೆ ಎರಡು ಹೊತ್ತು. ಅದು ಸಲೀಸಾದ ಮೇಲೆ ಅದೇ ಭಂಗಿಯಲ್ಲಿ ಪೃಷ್ಠ ಎತ್ತಿ 5 ಸೆಕೆಂಡು ನಿಲ್ಸಿ, 8-10 ಸಲ, ಎರಡು ಸುತ್ತು. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳೋದು, ಮೇಜು ಹಿಡ್ಕೊಂಡು ಪಕ್ಕಕ್ಕೆ ಹೆಜ್ಜೆ ಹಾಕೋದು. ನೋವಿಗೆ ಹತ್ತಕ್ಕೆ ಅಂಕ ಕೊಡಿ. ಮಾಡೋವಾಗ ನಾಲ್ಕರ ಒಳಗಿದ್ದು, ಮಾರನೆ ಬೆಳಿಗ್ಗೆ ಹೆಚ್ಚಾಗಿಲ್ಲ ಅಂದ್ರೆ ಮುಂದುವರಿಸಿ. ಹೆಚ್ಚಾಗಿದ್ರೆ ಬಿಡಬೇಡಿ, ಅರ್ಧಕ್ಕೆ ಇಳಿಸಿ. 8ರಿಂದ 12 ವಾರ ಬೇಕು. ಎರಡನೇ ವಾರಕ್ಕೇ ಏನೂ ಆಗ್ಲಿಲ್ಲ ಅಂತ ಬಿಡೋದೇ ಎಲ್ಲರೂ ಮಾಡೋ ತಪ್ಪು. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಪ್ರಯೋಗದಲ್ಲಿ ಸ್ಟೆರಾಯ್ಡ್ ಇಂಜೆಕ್ಷನ್‌ಗಿಂತ ವ್ಯಾಯಾಮ ಮತ್ತು ತಿಳುವಳಿಕೆಯಿಂದ ಗುಣ ಕಂಡವರೇ ಹೆಚ್ಚು.

ಅಕಸ್ಮಾತ್ ನಿಮ್ಮ ಬೆರಳು ತೊಡೆಸಂದಿಗೇ ಹೋದ್ರೆ, ಕೋಲು ಹಿಡೀರಿ, ನಾಚಿಕೆ ಬೇಡ. ಬಲಗಡೆ ನೋವಿಗೆ ಎಡಗೈಯಲ್ಲಿ. ಸುಮಾರು ಜನ ನೋವಿರೋ ಕಡೆಯೇ ಹಿಡೀತಾರೆ. ಒಂದೇ ಕಾಲ ಮೇಲೆ ನಿಂತಾಗ ಸೊಂಟ ವಾಲದ ಹಾಗೆ ಪಕ್ಕದ ಸ್ನಾಯು ಎಳೀತಿರುತ್ತೆ, ಹಾಗಾಗಿ ಕೀಲಿನ ಮೇಲೆ ಮೈತೂಕದ ಎರಡೂವರೆ-ಮೂರು ಪಟ್ಟು ಭಾರ ಬೀಳುತ್ತೆ. ಎದುರು ಕೈಯ ಕೋಲು ಆ ಎಳೆತವನ್ನ ಕಮ್ಮಿ ಮಾಡುತ್ತೆ. ಮೈತೂಕ ಒಂದು ಕೆಜಿ ಇಳಿಸಿದ್ರೂ ಕೀಲಿಗೆ ಅಷ್ಟು ಲಾಭ ಇರೋದು ಇದಕ್ಕೇ. ಚಪ್ಪಲಿ ಹಾಕಿ ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರ್ಬೇಕು. ಮೆಟ್ಟಿಲು ಹತ್ತೋಕೆ ಒಳ್ಳೆ ಕಾಲು ಮೊದಲು, ಇಳಿಯೋಕೆ ಕೋಲು, ನೋವಿನ ಕಾಲು ಮೊದಲು.

ಮುಲಾಮು ಹಚ್ಚೋದು ಮಂಡಿಗೆ ಸರಿ, ಈ ಕೀಲು ಅಷ್ಟು ಆಳದಲ್ಲಿದೆ, ಅಲ್ಲೀ ತನಕ ಇಳಿಯಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳಲ್ಲಿ ಯಾವುದಾದ್ರೂ ಒಂದು ಬಗೆ ಮಾತ್ರ, ಊಟ ಆದ್ಮೇಲೆ, ಕೆಲವೇ ದಿನ. ಎರಡು ಕಂಪನಿಯ ಹೆಸರಲ್ಲಿ ಒಂದೇ ಜಾತಿ ಮಾತ್ರೆ ನುಂಗೋದು ಆಗಾಗ ನಡೆಯೋ ಎಡವಟ್ಟು, ಚೀಟಿ ಓದಿ. ಬಿಪಿ, ಕಿಡ್ನಿ, ಹೊಟ್ಟೆಹುಣ್ಣು ಇದ್ರೆ, ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಡಾಕ್ಟರನ್ನ ಕೇಳ್ದೆ ಮುಟ್ಟಬೇಡಿ. ಕೀಲಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸೋದಾದ್ರೆ ಅಲ್ಟ್ರಾಸೌಂಡಲ್ಲೋ ಎಕ್ಸ್‌ರೇಯಲ್ಲೋ ನೋಡ್ಕೊಂಡೇ ಹಾಕ್ಬೇಕು. ಗುಣ ಕೆಲವು ವಾರ ಅಷ್ಟೇ, ಸಕ್ಕರೆ ಕಾಯಿಲೆ ಇದ್ರೆ ಕೆಲ ದಿನ ಶುಗರ್ ಏರುತ್ತೆ. ಮೂರು ತಿಂಗಳೊಳಗೆ ಆಪರೇಷನ್ ಇದ್ರೆ ಸೋಂಕಿನ ಭಯಕ್ಕೆ ಅದು ಬೇಡ.

ಚಿಕ್ಕಪ್ಪಾ, ನೀವು ಹೇಳಿದ ಆಪರೇಷನ್ ಕೆಟ್ಟದ್ದಲ್ಲ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಈಗಿನ ರೂಪಕ್ಕೆ ತಂದಿದ್ದು, ಹಾಕಿದ ಕೀಲುಗಳಲ್ಲಿ ನೂರಕ್ಕೆ 58ರಷ್ಟು 25 ವರ್ಷ ಬಾಳ್ತವೆ. ಸೋಂಕು, ಕೀಲು ಜಾರೋದು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು, ಕಾಲುದ್ದದಲ್ಲಿ ವ್ಯತ್ಯಾಸ, ಇವು ಅದರ ಅಪಾಯ. ಆದ್ರೆ ಅದು ಬೇಕಾಗೋದು ನಿದ್ದೆ, ನಡಿಗೆ ಎರಡೂ ಕೆಟ್ಟು, ಕೀಲಿನ ನೋವು ತಿಂಗಳುಗಟ್ಟಲೆ ವ್ಯಾಯಾಮಕ್ಕೂ ಬಗ್ಗದೆ ಹೋದಾಗ. ಪಕ್ಕದ ಟೆಂಡನ್ ನೋವಿಗೆ ಕೀಲು ಬದಲಾಯಿಸಿದ್ರೆ ನೋವು ಅಲ್ಲೇ ಇರುತ್ತೆ.

ಕಾಯಬಾರದ್ದು ಕೆಲವು. ಬಿದ್ದ ಮೇಲೆ ಕಾಲೂರೋಕಾಗದೆ ಪಾದ ಹೊರಕ್ಕೆ ತಿರುಗಿದ್ರೆ, ಜ್ವರದ ಜೊತೆ ತೊಡೆಸಂದಿ ಕಿತ್ತು ಬರೋ ಹಾಗೆ ನೋವಾದ್ರೆ, ಮೂತ್ರ ಕಟ್ಟಿ ಗುಪ್ತಾಂಗದ ಸುತ್ತ ಮರಗಟ್ಟಿದ್ರೆ ಅವತ್ತೇ ಆಸ್ಪತ್ರೆ. ತುಂಬಾ ದಿನ ಸ್ಟೆರಾಯ್ಡ್ ಮಾತ್ರೆ ತಗೊಂಡಿರೋರಿಗೆ, ಹೆಚ್ಚು ಕುಡಿಯೋರಿಗೆ ತೊಡೆಸಂದಿ ನೋವು ಬಂದು ಎಕ್ಸ್‌ರೇ ಚೆನ್ನಾಗಿದ್ರೂ ಎಂಆರ್‌ಐ ಕೇಳಿ. ರಕ್ತ ಸಿಗದೆ ಮೂಳೆ ಸಾಯೋದು ಶುರುವಲ್ಲಿ ಎಕ್ಸ್‌ರೇಗೆ ಕಾಣಲ್ಲ.

ದೊಡ್ಡಮ್ಮಾ, ಬೆರಳು ಎಲ್ಲಿ ನಿಂತಿತು, 30 ಸೆಕೆಂಡಲ್ಲಿ ಏನಾಯ್ತು, ಎರಡನ್ನೂ ಇಲ್ಲೇ ಬರೀರಿ.