ಚಳಿಗಾಲದ ಬೆಳಗಿನ ಸವಾರಿ: ಬೂಟಿನ ಒಳಗೆ ಒದ್ದೆ, ಕಾಲ್ಬೆರಳು ಜೋಮು. ಯಾವ ಬೂಟ್ ತಗೊಳ್ಳಲಿ?

ಗಂಗಾವತಿ ಸವಾರ

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲಿ ಒಂದು ಮಾರವಾಡಿ ಹೆಣ್ಣು ಕುದುರೆ ಇದೆ. ಬೆಳಕು ಹರಿಯುವ ಹೊತ್ತಿಗೆ ಅದನ್ನು ಹಗ್ಗ ಹಿಡಿದು ಗದ್ದೆ ಬದುವಿನ ಮೇಲೆ ನಡೆಸಿಕೊಂಡು ಹೋಗಿ, ಎಡದಂಡೆ ಕಾಲುವೆ ಏರಿ ಸಿಕ್ಕ ಮೇಲೆ ಹತ್ತುತ್ತೇನೆ. ಮಳೆಗಾಲದಲ್ಲೂ ಇಷ್ಟು ತೊಂದರೆ ಇರಲಿಲ್ಲ, ಡಿಸೆಂಬರ್ ಶುರುವಾದಾಗಿನಿಂದ ಕಾಲಿನದೇ ಚಿಂತೆ. ಬದುವಿನ ಹುಲ್ಲಿನಲ್ಲಿ ಇಬ್ಬನಿ ಸುರಿಯುತ್ತಿರುತ್ತದೆ. ಕಾಲುವೆ ಪಕ್ಕದ ಜೊಂಡು ಕುದುರೆ ಹೊಟ್ಟೆ ತನಕ ಬೆಳೆದಿದೆ, ಮೇಲೆ ಕೂತಿದ್ದರೂ ಕಾಲು ಪೂರ್ತಿ ನೆನೆಯುತ್ತದೆ.

ಮೊದಲು ಪಕ್ಕದಲ್ಲಿ ಎಲಾಸ್ಟಿಕ್ ಇರುವ ಚರ್ಮದ ಗಿಡ್ಡ ಬೂಟ್ ಹಾಕುತ್ತಿದ್ದೆ. ಅದು ನೆನೆಯುತ್ತದೆ ಅಂತ ಗೊಬ್ಬರದ ಅಂಗಡಿಯಲ್ಲಿ ಗಮ್‌ಬೂಟ್ ತಂದೆ. ಅದರಲ್ಲೂ ಸಾಕ್ಸ್ ಒದ್ದೆ! ಚಳಿಗೆ ಅಂತ ಎರಡು ಜೊತೆ ಕಾಟನ್ ಸಾಕ್ಸ್ ಹಾಕಿದರೆ ಸ್ವಲ್ಪ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತದೆ, ಸ್ಟಿರಪ್ (ಜೀನಿನಿಂದ ಇಳಿಬಿದ್ದ, ಪಾದ ಇಡುವ ಕಬ್ಬಿಣದ ಬಳೆ) ಎಲ್ಲಿದೆ ಅಂತಾನೇ ಗೊತ್ತಾಗುವುದಿಲ್ಲ. ಆನ್‌ಲೈನ್‌ನಲ್ಲಿ ಒಳಗೆ ಉಣ್ಣೆ ಇರುವ ವಿಂಟರ್ ರೈಡಿಂಗ್ ಬೂಟ್ ನೋಡಿದ್ದೇನೆ. ಐದಾರು ಸಾವಿರ ಹಾಕಬಲ್ಲೆ. ತಗೊಳ್ಳಲಾ?

ಕೋಟೆ ಬಳ್ಳಾರಿ

ಇನ್ನೂ ತಗೋಬೇಡಿ ಅಣ್ಣಾರೆ. ಒದ್ದೆ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಯಾವ ಬೂಟ್ ತಂದರೂ ದುಡ್ಡು ಹೋದಂತೆಯೇ. ನೀರು ಬರುವುದಕ್ಕೆ ಮೂರು ದಾರಿ ಇವೆ. ಹೊಲಿಗೆ ಅಥವಾ ಸೋಲ್ ಅಂಟಿನಿಂದ ಒಳಗೆ ಬರಬಹುದು. ಒದ್ದೆ ಪ್ಯಾಂಟಿನಿಂದ ಇಳಿದು ಬೂಟಿನ ಬಾಯಿಂದ ಒಳಗೆ ಹೋಗಬಹುದು, ಇದನ್ನು ಯಾರೂ ಗಮನಿಸುವುದೇ ಇಲ್ಲ. ಇಲ್ಲಾ, ಅದು ನಿಮ್ಮ ಕಾಲಿನದೇ ಬೆವರು.

ಮೂರನ್ನೂ ಬೇರೆ ಬೇರೆ ಮಾಡಿ ನೋಡಬಹುದು. ಬೂಟಿನೊಳಗೆ ಹಳೇ ಪೇಪರ್ ತುರುಕಿ, ಬಕೆಟ್‌ನಲ್ಲಿ ಹರಡಿನ (ಕಾಲಿನ ಗಂಟಿನ) ಮಟ್ಟಕ್ಕೆ ನೀರು ಹಾಕಿ ಅರ್ಧ ಗಂಟೆ ನಿಲ್ಲಿಸಿ. ಪೇಪರ್ ಯಾವ ಜಾಗದಲ್ಲಿ ನೆನೆದಿದೆಯೋ ಅಲ್ಲೇ ತೂತು. ಆಮೇಲೆ ಅದೇ ಬೂಟ್ ಹಾಕಿಕೊಂಡು ಇಬ್ಬನಿ ಆರಿದ ಮೇಲೆ ಒಣ ರಸ್ತೆಯಲ್ಲಿ ಅಷ್ಟೇ ಹೊತ್ತು ಸವಾರಿ ಮಾಡಿ. ಆಗಲೂ ಸಾಕ್ಸ್ ಒದ್ದೆ ಅಂದರೆ ಅದು ಬೆವರು, ಬೇರೇನೂ ಅಲ್ಲ. ಸಾಕ್ಸ್ ಮೇಲ್ಭಾಗ ಒದ್ದೆಯಾಗಿ ಪಾದ ಒಣಗಿದ್ದರೆ ಪ್ಯಾಂಟಿನಿಂದ ಇಳಿದ ನೀರು.

ಉಣ್ಣೆ ಬೂಟಿನ ವಿಷಯ ಆಮೇಲೆ ಹೇಳುತ್ತೇನೆ. ಆದರೆ ನಮ್ಮ ಕಡೆ ಚಳಿ ಅಂದರೆ ಬೆಳಗ್ಗೆ 15 ಡಿಗ್ರಿ ಆಸುಪಾಸು. ಒಂಬತ್ತಕ್ಕೆಲ್ಲ ಬಿಸಿಲು ಚುರುಗುಟ್ಟುತ್ತದೆ, ಅಲ್ವಾ? ಇಷ್ಟು ಚಳಿಗೆ ಒಣಗಿದ ಕಾಲು ಜೋಮು ಹಿಡಿಯುವುದಿಲ್ಲ. ಒದ್ದೆ ಕಾಲು ಹಿಡಿಯುತ್ತದೆ, ಯಾಕಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ ಶಾಖವನ್ನು ಎಳೆದುಕೊಂಡು ಹೋಗುತ್ತದೆ.

ಸಿಂಧನೂರು ಅಕ್ಕ

ತಮ್ಮಾ, ಅದೆಲ್ಲಾ ಆಮೇಲೆ. ಗಮ್‌ಬೂಟ್ ಹಾಕಿಕೊಂಡು ಕುದುರೆ ಹತ್ತುವುದನ್ನು ಮೊದಲು ನಿಲ್ಲಿಸು. ಬೆರಳಿಗೆ ಸ್ಟಿರಪ್ ಗೊತ್ತಾಗುತ್ತಿಲ್ಲ ಅಂತ ಬೇರೆ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಎದೆ ಧಸಕ್ ಅಂತು.

ಬಿದ್ದಾಗ ಕಾಲು ಸ್ಟಿರಪ್‌ನಿಂದ ತಾನಾಗಿ ಬಿಡಿಸಿಕೊಂಡು ಬರಬೇಕು. ಬರಲಿಲ್ಲ ಅಂದರೆ ಕುದುರೆ ಎಳೆದುಕೊಂಡು ಓಡುತ್ತದೆ. ಗಮ್‌ಬೂಟಿನ ಮುಂಭಾಗ ಅಗಲ, ರಬ್ಬರ್ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ, ಸೋಲಿನ ತುಂಬ ಆಳದ ಗೀರು. ಆ ಗೀರಿನಲ್ಲಿ ನಮ್ಮ ಎರೆಮಣ್ಣು ಮೆತ್ತಿಕೊಂಡರೆ ಕೇಳುವುದೇ ಬೇಡ. ಒಂದೊಂದು ಹೆಜ್ಜೆಗೆ ಬೂಟ್ ಇನ್ನಷ್ಟು ಅಗಲ ಆಗುತ್ತಾ ಹೋಗುತ್ತದೆ. ನೀನು ಗದ್ದೆ ಬದುವಿನಲ್ಲಿ ನಡೆದು ಬಂದು ಆ ಮಣ್ಣಿನ ಸಮೇತ ಹತ್ತುತ್ತೀಯ.

ಟೇಪ್ ತಗೊಂಡು ಅಳತೆ ಮಾಡು. ಬೂಟಿನ ಸೋಲ್ ಎಲ್ಲಿ ಅತಿ ಅಗಲ ಇದೆಯೋ ಅಲ್ಲಿ ಅಳೆ. ಸ್ಟಿರಪ್‌ನ ಒಳಗಿನ ಅಗಲ ಅದಕ್ಕಿಂತ 2.5 ಸೆಂ.ಮೀ. ಜಾಸ್ತಿ ಇರಬೇಕು, ಅಂದರೆ ಎರಡೂ ಕಡೆ ಒಂದೊಂದು ಬೆರಳು ಅಡ್ಡ ಹಿಡಿಸುವಷ್ಟು ಸಂದು. ಅದಕ್ಕಿಂತ ತುಂಬಾ ಅಗಲ ಇದ್ದರೂ ಒಳ್ಳೆಯದಲ್ಲ, ಪಾದ ಪೂರ್ತಿ ಒಳಗೆ ನುಗ್ಗಿ ಹಿಮ್ಮಡಿ ಆಚೆ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಸವಾರಿ ಬೂಟಿಗೆ 2.5 ಸೆಂ.ಮೀ. ಆಸುಪಾಸಿನ ಹಿಮ್ಮಡಿ ಇರಬೇಕು ಅನ್ನುವುದು. ಚಪ್ಪಟೆ ಸೋಲಿನ ಕ್ರಿಕೆಟ್ ಶೂ, ಕ್ಯಾನ್ವಾಸ್ ಶೂ ಹಾಕಿಕೊಂಡು ಮದುವೆ ಮೆರವಣಿಗೆ ಕುದುರೆ ಹತ್ತುವ ಹುಡುಗರನ್ನು ನೋಡಿದಾಗೆಲ್ಲ ಭಯ ಆಗುತ್ತದೆ.

ಜೀನನ್ನೂ ನೋಡು. ಸ್ಟಿರಪ್ ಪಟ್ಟಿ ಸಿಕ್ಕಿಸುವ ಕಬ್ಬಿಣದ ಕೊಂಡಿಗೆ ಹಿಂದೆ ಒಂದು ಸಣ್ಣ ಬೀಗದ ತುಂಡು ಇರುತ್ತದೆ. ಅದು ತೆರೆದೇ ಇರಲಿ, ಎಳೆತ ಬಿದ್ದಾಗ ಪಟ್ಟಿ ಕಳಚಿಕೊಳ್ಳಬೇಕು. ಊರಲ್ಲಿ ಮಾಡಿಸಿದ ಜೀನಾಗಿ ಪಟ್ಟಿಯನ್ನು ಹೊಲಿದೇ ಬಿಟ್ಟಿದ್ದರೆ, ಹೊರಗಡೆ ದಪ್ಪ ರಬ್ಬರ್ ರಿಂಗ್ ಇರುವ ಸೇಫ್ಟಿ ಸ್ಟಿರಪ್ ಹಾಕಿಸು, ಎಳೆತ ಬಿದ್ದಾಗ ರಿಂಗ್ ಕಳಚಿ ಕಾಲು ಹೊರಗೆ ಬರುತ್ತದೆ. ಬೂಟಿಗಿಂತ ಮುಂಚೆ ಅದಕ್ಕೆ ದುಡ್ಡು ಹಾಕು ಅಂತ ನನ್ನ ಅಭಿಪ್ರಾಯ.

ಗಂಗಾವತಿ ಸವಾರ

ಅಕ್ಕಾ, ನೀವು ಹೇಳಿದ ಮೇಲೆ ಗಮ್‌ಬೂಟ್ ಸವಾರಿಗೆ ಬಂದ್ ಮಾಡಿದ್ದೇನೆ. ಅಳತೆ ಹೀಗಿದೆ: ಸ್ಟಿರಪ್ ಒಳ ಅಗಲ 12 ಸೆಂ.ಮೀ., ಗಮ್‌ಬೂಟ್ ಸೋಲ್ 11.5, ಹಳೇ ಚರ್ಮದ ಬೂಟ್ 9.5. ಜೀನಿನ ಕೊಂಡಿಯ ಬೀಗದ ತುಂಡು ತುಕ್ಕು ಹಿಡಿದು ಅಲ್ಲಾಡುತ್ತಲೇ ಇರಲಿಲ್ಲ. ಎಣ್ಣೆ ಬಿಟ್ಟು ಬಿಡಿಸಿದೆ.

ಬಕೆಟ್ ಪರೀಕ್ಷೆಯನ್ನೂ ಮಾಡಿದೆ. ಗಮ್‌ಬೂಟಿನ ಪೇಪರ್ ಪೂರ್ತಿ ಒಣ. ಆದರೆ ಅದನ್ನೇ ಹಾಕಿಕೊಂಡು ಬಿಸಿಲಿನ ಹೊತ್ತು ಒಣ ದಾರಿಯಲ್ಲಿ ಊರೊಳಗೆ ನಡೆದು ಬಂದೆ (ಹತ್ತಲಿಲ್ಲ), ಸಾಕ್ಸ್ ಹಿಂಡುವಷ್ಟು ಒದ್ದೆ. ಅಂದರೆ ಬೆವರು. ಚರ್ಮದ ಬೂಟಿನಲ್ಲಿ ಸೋಲಿನ ಅಂಚಿನ ಸುತ್ತ ಪೇಪರ್ ನೆನೆದಿತ್ತು, ಎಲಾಸ್ಟಿಕ್ ಇರುವ ಕಡೆ ಇನ್ನೂ ಜಾಸ್ತಿ. ಈಗ ಏನು ಮಾಡಲಿ? ಹಳೆಯದನ್ನೇ ರಿಪೇರಿ ಮಾಡಿಸಬಹುದಾ?

ಕೋಟೆ ಬಳ್ಳಾರಿ

ಭಾಳ ಚೆನ್ನಾಗಿ ಮಾಡಿದ್ದೀರಿ. ಈಗ ಮಾತಾಡಬಹುದು.

ಎಲಾಸ್ಟಿಕ್ ಬಟ್ಟೆಯದು, ಅಲ್ಲಿಂದ ಬರುವ ನೀರನ್ನು ಯಾರೂ ತಡೆಯಲಾರರು. ಸೋಲಿನ ಅಂಚನ್ನು ಒಳ್ಳೇ ಚಮ್ಮಾರರ ಹತ್ತಿರ ಮತ್ತೆ ಅಂಟಿಸಿ ಹೊಲಿಸಬಹುದು. ಹಾಗಾಗಿ ಆ ಬೂಟನ್ನು ಒಣ ದಿನಗಳಿಗೆ ಇಟ್ಟುಕೊಳ್ಳಿ. ಅದರ ಅಳತೆ ನಿಮ್ಮ ಸ್ಟಿರಪ್‌ಗೆ ಸರಿಯಾಗಿ ಕೂತಿದೆ, ಹೊಸದನ್ನೂ ಅದೇ ಅಗಲದಲ್ಲಿ ಹುಡುಕಿ.

ಹೊಸದು ಹೀಗಿರಲಿ: ಹರಡು ಮುಚ್ಚುವ ಲೇಸ್ ಬೂಟ್. ಅದರ ನಾಲಗೆ ಎರಡೂ ಪಕ್ಕಕ್ಕೆ ಹೊಲಿದುಕೊಂಡಿರಬೇಕು. ನಾಲಗೆ ಬಿಡಿಯಾಗಿದ್ದರೆ ಲೇಸಿನ ಸಂದಿನಿಂದಲೇ ನೀರು ನುಗ್ಗುತ್ತದೆ. ಅಂಗಡಿಯಲ್ಲಿ ಲೇಸ್ ಬಿಚ್ಚಿ ಬೆರಳು ಹಾಕಿ ನೋಡಿ, ಒಂದು ನಿಮಿಷದ ಕೆಲಸ. ಜಿಪ್ ಇರುವುದು ಹಾಕಲು ಸುಲಭ, ಆದರೆ ಜಿಪ್ ಹಿಂದೆ ಚರ್ಮದ ಪದರ ಇಲ್ಲದಿದ್ದರೆ ಬೇಡ. ಎರೆಮಣ್ಣು ಒಣಗಿ ಜಿಪ್ ಹಲ್ಲಿನಲ್ಲಿ ಕೂತರೆ ಬೇಗ ಕೆಡುತ್ತದೆ ಕೂಡ. ಚರ್ಮ ಮೇಲ್ಪದರದ್ದೇ ಇರಲಿ. ಒಳಪದರ ಸೀಳಿ ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆದಿರುವುದು ಹೊಸದರಲ್ಲಿ ಮಿಂಚುತ್ತದೆ, ಮಡಿಕೆ ಬಿದ್ದ ಕಡೆ ಬಿರಿಯುತ್ತದೆ, ಅಲ್ಲಿಂದ ನೀರು. ಸೋಲ್ ಹೆಚ್ಚುಕಡಿಮೆ ನುಣುಪಾಗಿ, ಸಣ್ಣ ಗೀರಿನದ್ದಾಗಿರಲಿ. ಟ್ರೆಕ್ಕಿಂಗ್ ಬೂಟ್ ಎಷ್ಟೇ ವಾಟರ್‌ಪ್ರೂಫ್ ಇದ್ದರೂ ಅದರ ಸೋಲ್ ಸ್ಟಿರಪ್‌ಗೆ ಆಗುವುದಿಲ್ಲ.

ಒಳಗೆ ಗೋರ್‌ಟೆಕ್ಸ್ ತರಹದ ಪೊರೆ ಇದ್ದರೆ ನಿಮ್ಮ ತೊಂದರೆಗೆ ಅದು ಸರಿಯಾದ ಮದ್ದು. ನೀರಿನ ಹನಿ ಒಳಗೆ ಬರುವುದಿಲ್ಲ, ಬೆವರಿನ ಆವಿ ಹೊರಗೆ ಹೋಗುತ್ತದೆ. ಆದರೆ ಮೇಲೆ ಕೆಸರು ಮೆತ್ತಿಕೊಂಡಿದ್ದರೆ ಅಥವಾ ಪಾಲಿಶ್ ದಪ್ಪಗೆ ಬಳಿದಿದ್ದರೆ ಆವಿಗೆ ದಾರಿಯೇ ಇಲ್ಲ. ಬೆಲೆಯೂ ಜಾಸ್ತಿ. ನಿಮ್ಮ ಬಜೆಟ್‌ಗೆ ಸಿಗದಿದ್ದರೆ ಬೇಸರ ಬೇಡ. ಕಾನ್ಪುರದಲ್ಲಿ ಜೀನು, ಲಗಾಮು, ಸವಾರಿ ಬೂಟ್ ಮಾಡಿ ಹೊರದೇಶಕ್ಕೆ ಕಳಿಸುವವರು ಬಹಳ ಜನ ಇದ್ದಾರೆ. ಅಲ್ಲಿಯ ಸಾದಾ ಚರ್ಮದ ಲೇಸ್ ಬೂಟಿಗೆ ಜೇನುಮೇಣ ಹಚ್ಚಿದರೆ ಇಬ್ಬನಿಗೆ ಧಾರಾಳ ಸಾಕು. ಹೊಲಿಗೆಯ ಮೇಲೆ ಎರಡು ಸಲ ಹಚ್ಚಿ. ಕೊಬ್ಬರಿ ಎಣ್ಣೆ ಸುರಿಯಬೇಡಿ, ಚರ್ಮ ಮೆತ್ತಗಾಗಿ ಹಿಗ್ಗಿಬಿಡುತ್ತದೆ.

ಬಾಕ್ಸ್ ಮೇಲೆ ಬರೆದಿರುವುದನ್ನು ಸರಿಯಾಗಿ ಓದಿ. ವಾಟರ್ ರೆಸಿಸ್ಟೆಂಟ್ ಅಂದರೆ ಸ್ವಲ್ಪ ಹೊತ್ತು ತಡೆಯುತ್ತದೆ ಅಷ್ಟೇ. ವಾಟರ್‌ಪ್ರೂಫ್ ಬೇರೆ.

ಸಿಂಧನೂರು ಅಕ್ಕ

ಸಾಕ್ಸ್ ವಿಷಯ ಬಿಟ್ಟೇ ಹೋಯಿತಲ್ಲ. ಅರ್ಧ ತೊಂದರೆ ಅಲ್ಲೇ ಇದೆ. ಕಾಟನ್ ಬೆವರು ಹೀರಿಕೊಂಡು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಎರಡು ಜೊತೆ ಹಾಕಿದರೆ ಬೂಟ್ ಬಿಗಿಯಾಗಿ ರಕ್ತ ಓಡುವುದಿಲ್ಲ, ಬೆರಳಿನ ಸುತ್ತ ಗಾಳಿಗೂ ಜಾಗ ಇರುವುದಿಲ್ಲ. ನಡೆಯುವಾಗ ಮೀನಖಂಡ ಆಡಿ ರಕ್ತ ಮೇಲೆ ತಳ್ಳುತ್ತದೆ, ಕುದುರೆ ಮೇಲೆ ಕಾಲು ಒಂದೇ ತರಹ ಇರುತ್ತದೆ. ಸಾಲದ್ದಕ್ಕೆ ಪಾದದ ಮುಂಭಾಗದ ಭಾರವೆಲ್ಲ ಆ ತಣ್ಣನೆ ಕಬ್ಬಿಣದ ಮೇಲೆ. ಜೋಮು ಹಿಡಿಯದೆ ಏನಾಗುತ್ತದೆ?

ಉಣ್ಣೆ ಸಾಕ್ಸ್ ಒಂದೇ ಜೊತೆ ಹಾಕು. ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಬೂಟ್ ಕೊಳ್ಳಲು ಸಂಜೆ ಹೊತ್ತು ಹೋಗು, ಪಾದ ಆಗ ಸ್ವಲ್ಪ ಊದಿರುತ್ತದೆ. ಆ ಉಣ್ಣೆ ಸಾಕ್ಸ್ ಜೊತೆಗೇ ಒಯ್ದು ಹಾಕಿಕೊಂಡು ನೋಡು, ಒಳಗೆ ಬೆರಳು ಐದೂ ಆಡಬೇಕು. ಸ್ಟಿರಪ್ ತುಳಿಯುವ ಜಾಗಕ್ಕೆ ರಬ್ಬರ್ ಪ್ಯಾಡ್ ಹಾಕಿಸು, ಕಬ್ಬಿಣದ ಚಳಿ ನೇರ ತಾಗುವುದಿಲ್ಲ.

ಇನ್ನೊಂದು ಮಾತು. ಕುರುಬರು ನೇಯ್ದ ಕಂಬಳಿ ಹಳೆಯದು ಮನೆಯಲ್ಲಿದ್ದರೆ ಪಾದದ ಆಕಾರಕ್ಕೆ ಕತ್ತರಿಸಿ ಬೂಟಿನ ಅಡಿಗೆ ಹಾಕು. ನಾನು ಅದನ್ನೇ ಹಾಕುವುದು. ಬೇಗ ಒಣಗುತ್ತದೆ, ಹೊರಗೆ ತೆಗೆದು ಬಿಸಿಲಿಗೆ ಹಾಕಬಹುದು. ಬೂಟ್ ಅಳತೆ ನೋಡುವಾಗ ಅದನ್ನೂ ಒಳಗೆ ಹಾಕಿಯೇ ನೋಡಬೇಕು, ಇಲ್ಲದಿದ್ದರೆ ಮತ್ತೆ ಬಿಗಿ.

ರಾಯಚೂರು ಕೋಟೆ ಬೀದಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ತಂಗಿ ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗುತ್ತಿದ್ದಾಳೆ, ಹಿಮದಲ್ಲಿ ಕುದುರೆ ಸವಾರಿ ಮಾಡುವ ಆಸೆ ಅವಳಿಗೆ. ಅಲ್ಲಿಗೂ ಇದೇ ಬೂಟ್ ಆಗುತ್ತದಾ?

ಕೋಟೆ ಬಳ್ಳಾರಿ

ಆಗುವುದಿಲ್ಲ ರೀ. ಅಲ್ಲಿ ಜನವರಿ ಅಂದರೆ ಸೊನ್ನೆಗಿಂತ ಕೆಳಗೆ. ಗಂಗಾವತಿ ಅಣ್ಣ ಕೇಳಿದ ಉಣ್ಣೆ ಬೂಟ್ ಅಂಥ ಜಾಗಕ್ಕೇ ಮಾಡಿದ್ದು. ಥಿನ್ಸುಲೇಟ್ (ಬೆಚ್ಚಗಿಡುವ ಒಳಪದರದ ಹೆಸರು) ಅಂತ ಬರೆದು ಪಕ್ಕದಲ್ಲಿ 200 ಗ್ರಾಂ, 400 ಗ್ರಾಂ ಅಂತ ಇರುತ್ತದೆ. ಅದು ಬೂಟಿನ ತೂಕ ಅಲ್ಲ, ಒಂದು ಚದರ ಮೀಟರ್ ಪದರದ ತೂಕ. ಜಾಸ್ತಿ ಇದ್ದಷ್ಟೂ ಬೆಚ್ಚಗೆ, ಆದರೆ ದಪ್ಪ ಕೂಡ. ಅಲ್ಲಿ ಬಾಡಿಗೆಗೆ ಕೊಡುವ ಉದ್ದನೆ ಗಮ್‌ಬೂಟ್ ಹಾಕಿಕೊಂಡು ಕುದುರೆ ಹತ್ತುವುದಾದರೆ ಮೇಲೆ ಅಕ್ಕ ಹೇಳಿದ ಸಂದು ಇದೆಯಾ ಅಂತ ನೋಡಿಯೇ ಹತ್ತಲಿ, ಇಲ್ಲದಿದ್ದರೆ ಬೇಡ. ಕೈಕಾಲು ಬೆಚ್ಚಗಿಡುವ ಪ್ಯಾಕೆಟ್ ಸಿಗುತ್ತವಲ್ಲ, ಅದರೊಳಗಿನ ಕಬ್ಬಿಣದ ಪುಡಿಗೆ ಗಾಳಿ ತಾಗಿದರೆ ಮಾತ್ರ ಬಿಸಿಯಾಗುತ್ತದೆ, ಬಿಗಿ ಬೂಟಿನಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ಬರಿಗಾಲಿಗೆ ನೇರ ಅಂಟಿಸಬಾರದು, ಸಾಕ್ಸ್ ಮೇಲೆ ಇರಲಿ. ಆಗಾಗ ಇಳಿದು ನಡೆಯಲು ಹೇಳಿ. ಬೆರಳು ಬಿಳಚಿಕೊಂಡು ಸ್ಪರ್ಶವೇ ಗೊತ್ತಾಗದಿದ್ದರೆ ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ತಕ್ಷಣ ಬೆಚ್ಚಗಿನ ಕೋಣೆಗೆ ಹೋಗಿ ಡಾಕ್ಟರ್‌ಗೆ ತೋರಿಸಬೇಕು.

ನಮ್ಮ ಊರಿಗೆ ಅದನ್ನೇ ತಂದರೆ ಗಮ್‌ಬೂಟಿನ ಕಥೆಯೇ ಆಗುತ್ತದೆ, ಬೆವರು, ಆಮೇಲೆ ಚಳಿ.

ಗಂಗಾವತಿ ಸವಾರ

ಹಾಗಾದರೆ ಲೇಸ್ ಬೂಟ್, ಉಣ್ಣೆ ಸಾಕ್ಸ್, ಕಂಬಳಿ ತುಂಡು. ಸರಿ. ಆದರೆ ಜೊಂಡಿನ ನೀರು ಪ್ಯಾಂಟಿನ ಮೇಲೆ ಬೀಳುತ್ತದಲ್ಲ, ಅದು ಕೆಳಗಿಳಿದು ಬೂಟಿನೊಳಗೆ ಹೋಗುವುದಿಲ್ವಾ? ಉದ್ದ ಬೂಟ್ ತಗೊಂಡರೆ ಅದಕ್ಕೂ ಪರಿಹಾರ ಅಲ್ವಾ?

ಕೋಟೆ ಬಳ್ಳಾರಿ

ಉದ್ದ ಬೂಟ್ ನಿಮ್ಮ ಮೀನಖಂಡದ ಅಳತೆಗೆ ಸರಿಯಾಗಿ ಸಿಗುವುದು ಕಷ್ಟ, ಅದರಲ್ಲಿ ಬದುವಿನ ಮೇಲೆ ನಡೆಯುವುದು ಇನ್ನೂ ಕಷ್ಟ. ಗಿಡ್ಡ ಬೂಟಿನ ಮೇಲೆ ಗೇಟರ್ (ಮೀನಖಂಡಕ್ಕೆ ಸುತ್ತುವ ಹೊದಿಕೆ) ಹಾಕಿ. ಮೊಣಕಾಲಿನ ಕೆಳಗಿಂದ ಬೂಟಿನ ಮೇಲ್ಭಾಗ ಮುಚ್ಚುವಷ್ಟು ಇರಬೇಕು, ಮುಖ್ಯವಾಗಿ ಅದರ ಕೆಳ ಅಂಚು ಬೂಟಿನ ಹೊರಗೆ ಬರಬೇಕು, ಆಗ ಇಳಿದ ನೀರು ಆಚೆ ಹೋಗುತ್ತದೆ. ಪ್ಯಾಂಟನ್ನು ಬೂಟಿನೊಳಗೆ ತುರುಕಿದರೆ ಬತ್ತಿಯ ಹಾಗೆ ನೀರನ್ನು ನೇರ ಪಾದಕ್ಕೆ ಇಳಿಸುತ್ತದೆ.

ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಏನು ಬರ? ದಪ್ಪ ಬಟ್ಟೆ ಹೊಲಿಯುವ ಮಷಿನ್ ಇರುವ ಯಾರ ಹತ್ತಿರವಾದರೂ ಮಾಡಿಸಬಹುದು. ಹೊರಗೆ ಬ್ಯಾಗಿಗೆ ಹಾಕುವ ನೀರು ಹಿಡಿಯದ ನೈಲಾನ್, ಒಳಗಡೆ ಜೀನಿಗೆ ಉಜ್ಜುವ ಕಡೆ ಡೆನಿಮ್, ಹೊರಗಡೆ ಪಕ್ಕಕ್ಕೆ ವೆಲ್ಕ್ರೋ. ಬಕಲ್ ಒಳಗಡೆ ಬರಬಾರದು, ಕುದುರೆ ಪಕ್ಕೆಗೆ ಚುಚ್ಚುತ್ತದೆ. ಅಂಗಾಲಿನ ಕೆಳಗೆ ಹಾದುಹೋಗುವ ಪಟ್ಟಿ ಬೇಡ, ಸ್ಟಿರಪ್‌ಗೆ ಸಿಕ್ಕಿಕೊಳ್ಳಬಹುದು.

ಸಿಂಧನೂರು ಅಕ್ಕ

ಜನವರಿಯಲ್ಲಿ ಎರಡನೇ ಬೆಳೆಗೆ ನೀರು ಬಿಟ್ಟು ಗದ್ದೆ ಕಲಸಲು ಶುರು ಮಾಡಿದರೆ ನಿನ್ನ ಬಂಡಿದಾರಿ ತುಂಬ ಕೇಜ್ ವ್ಹೀಲ್ (ಗದ್ದೆ ಕಲಸಲು ಟ್ರ್ಯಾಕ್ಟರ್‌ಗೆ ಹಾಕುವ ಕಬ್ಬಿಣದ ಚಕ್ರ) ಎಳೆದು ತಂದ ಕೆಸರು ಇರುತ್ತದೆ. ಆಗ ಬದುವಿಗೆ ಗಮ್‌ಬೂಟ್ ಹಾಕು, ಕಾಲುವೆ ಏರಿ ಮೇಲೆ ಬಂದು ಸವಾರಿ ಬೂಟ್ ಬದಲಿಸಿಕೊಂಡು ಹತ್ತು. ಬೂಟ್ ಹೊತ್ತುಕೊಂಡು ಹೋಗಲು ಚೀಲ ಸಾಕು. ಕಡ್ಡಿಯೊಂದು ಜೇಬಿನಲ್ಲಿರಲಿ, ಹತ್ತುವ ಮೊದಲು ಸೋಲ್ ಕೆರೆದುಬಿಡು.

ಮನೆಗೆ ಬಂದ ಮೇಲೆ ಒದ್ದೆ ಬೂಟನ್ನು ಒಲೆ ಹತ್ತಿರ, ಸುಡು ಬಿಸಿಲಲ್ಲಿ ಇಡಬೇಡ. ಚರ್ಮ ಸೆಟೆದು ಸೋಲ್ ಬಿಡುತ್ತದೆ. ಪೇಪರ್ ತುರುಕಿ ನೆರಳಲ್ಲಿ ಗಾಳಿಗೆ ಇಡು, ಪೇಪರ್ ನೆನೆದ ಹಾಗೆಲ್ಲ ಬದಲಿಸು. ಪೂರ್ತಿ ಒಣಗಿದ ಮೇಲೇ ಮೇಣ.

ಗಂಗಾವತಿ ಸವಾರ

ಅಕ್ಕಾ, ಅಣ್ಣಾರೆ, ಇಬ್ಬರಿಗೂ ತುಂಬಾ ಧನ್ಯವಾದ. ರಬ್ಬರ್ ರಿಂಗಿನ ಸ್ಟಿರಪ್‌ಗೆ ಹೇಳಿದ್ದೇನೆ, ಅದು ಬರುವ ತನಕ ಹಳೇ ಚರ್ಮದ ಬೂಟ್, ಉಣ್ಣೆ ಸಾಕ್ಸ್‌ನಲ್ಲಿ ಬಿಸಿಲು ಬಂದ ಮೇಲೆ ಹೋಗುತ್ತೇನೆ. ಆ ಸ್ಟಿರಪ್ ಹಾಕುವಾಗ ರಬ್ಬರ್ ಯಾವ ಕಡೆ ಬರಬೇಕು, ಕಾಲಿನ ಹೊರಗಡೆಯಾ?

ಸಿಂಧನೂರು ಅಕ್ಕ

ಹೌದು, ಎರಡೂ ಕಾಲಿಗೂ ಹೊರಗಡೆ. ಎಡ ಬಲ ಅದಲು ಬದಲು ಆಗದ ಹಾಗೆ ನೋಡಿಕೋ. ರಬ್ಬರ್ ಬಿಸಿಲಿಗೆ ಒಣಗಿ ಬಿರಿದರೆ ತಕ್ಷಣ ಬದಲಿಸು, ಒಂದು ಜೊತೆ ಜಾಸ್ತಿಯೇ ತರಿಸಿಡು.